ಭಾರತದ ಟ್ರೇಡ್‌ಮಾರ್ಕ್ ದುಬೈನಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ನಮ್ಮ ಊದುಬತ್ತಿಯ ಹೆಸರು ಭಾರತದಲ್ಲಿ ನೋಂದಣಿಯಾಗಿದೆ. ದುಬೈನಲ್ಲಿ ನಮ್ಮ ಮಾಲು ಮಾರುತ್ತಿದ್ದ ಏಜೆಂಟರು ಈಗ ಅದನ್ನು ಅಲ್ಲಿ ತಮ್ಮ ಹೆಸರಿಗೆ ನೋಂದಾಯಿಸಿಕೊಂಡು, ಬೇರೆಯವರಿಗೆ ಕಳುಹಿಸಿದರೆ ಬಂದರಿನಲ್ಲೇ ತಡೆಯುತ್ತೇವೆ ಎನ್ನುತ್ತಿದ್ದಾರೆ. ಇಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಹೂಡಿದರೂ ನಿಮಗೆ ಬೇಕಾದ ಪರಿಹಾರ ಸಿಗುವುದಿಲ್ಲ. ಟ್ರೇಡ್‌ಮಾರ್ಕ್ ಹಕ್ಕು ಆಯಾ ದೇಶದ ಗಡಿಯೊಳಗಿನದು. ಯುಎಇಯಲ್ಲಿ ಆಗಿರುವ ನೋಂದಣಿಯನ್ನು ರದ್ದುಪಡಿಸುವ ಅಧಿಕಾರ ಇಲ್ಲಿನ ಯಾವ ನ್ಯಾಯಾಲಯಕ್ಕೂ ಇಲ್ಲ.

ಈ ಗಡಿ ದೊಡ್ಡ ಕಂಪನಿಗಳಿಗೂ ಅಡ್ಡ ಬಂದಿದೆ. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ 1997ರಲ್ಲೇ ಜಪಾನಿನಲ್ಲಿ ಪ್ರಿಯಸ್ ಕಾರನ್ನು ಬಿಡುಗಡೆ ಮಾಡಿತ್ತು. ದೆಹಲಿಯ ಬಿಡಿಭಾಗ ತಯಾರಕರು 2002ರಲ್ಲಿ ಅದೇ ಹೆಸರನ್ನು ಭಾರತದಲ್ಲಿ ನೋಂದಾಯಿಸಿಕೊಂಡರು. ಹೊರದೇಶಗಳಲ್ಲಿ ಎಷ್ಟೇ ಖ್ಯಾತಿ ಇದ್ದರೂ ಅದು 2001ರ ವೇಳೆಗೆ ಭಾರತದ ಮಾರುಕಟ್ಟೆಯನ್ನು ತಲುಪಿತ್ತೆಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಟೊಯೋಟಾದ ಮೇಲ್ಮನವಿಯನ್ನು ವಜಾಗೊಳಿಸಿತು. ಇಂಥದೇ ಪ್ರಕರಣದಲ್ಲಿ 1996ರಲ್ಲಿ ವಾಷಿಂಗ್ ಮೆಷಿನ್ ತಯಾರಿಸುವ ವರ್ಲ್‌ಪೂಲ್ ಗೆದ್ದಿತ್ತು, ನಿಜ. ಆದರೆ ಅದರ ಜಾಹೀರಾತುಗಳಿದ್ದ ವಿದೇಶಿ ಪತ್ರಿಕೆಗಳು ಇಲ್ಲಿ ಓಡಾಡುತ್ತಿದ್ದವೆಂಬ ಪುರಾವೆ ಆ ಕಂಪನಿಯ ಬಳಿ ಇತ್ತು.

ನಿಮ್ಮ ಪ್ರಕರಣದಲ್ಲಿ ಖ್ಯಾತಿಗಿಂತ ಗಟ್ಟಿಯಾದ ಆಧಾರವಿದೆ. ಭಾರತವೂ ಯುಎಇಯೂ ಸದಸ್ಯರಾಗಿರುವ, ಟ್ರೇಡ್‌ಮಾರ್ಕ್, ಪೇಟೆಂಟ್‌ಗಳ ರಕ್ಷಣೆಗಾಗಿ ಇರುವ ಪ್ಯಾರಿಸ್ ಒಡಂಬಡಿಕೆಯ 6 ಸೆಪ್ಟೀಸ್ ವಿಧಿಯಂತೆ, ಮಾಲೀಕನ ಅನುಮತಿಯಿಲ್ಲದೆ ಏಜೆಂಟ್ ತನ್ನ ಹೆಸರಿಗೆ ಗುರುತನ್ನು ನೋಂದಾಯಿಸಿಕೊಂಡರೆ, ಆತ ತನ್ನ ನಡೆಗೆ ಸಮರ್ಥನೆ ತೋರಿಸದ ಹೊರತು, ಮಾಲೀಕ ಅದರ ರದ್ದತಿಯನ್ನು ಕೇಳಬಹುದು; ಅಲ್ಲಿನ ಕಾನೂನು ಒಪ್ಪಿದರೆ ತನ್ನ ಹೆಸರಿಗೆ ವರ್ಗಾವಣೆಯನ್ನೂ ಕೇಳಬಹುದು. ಇದಕ್ಕೆ ಕಾಲಮಿತಿ ಹಾಕುವ ಸ್ವಾತಂತ್ರ್ಯ ಆಯಾ ದೇಶಕ್ಕಿರುವುದರಿಂದ ತಡ ಮಾಡದೆ ಅಲ್ಲಿನ ವಕೀಲರನ್ನು ಹಿಡಿಯಿರಿ. ದುಬೈನಲ್ಲಿ ನಿಮ್ಮ ಮಾಲು ಮಾರುತ್ತಿದ್ದವರು ಖರೀದಿದಾರರಲ್ಲ, ನಿಮ್ಮ ಏಜೆಂಟರಾಗಿದ್ದರು ಎಂಬುದನ್ನು ತೋರಿಸುವುದರ ಮೇಲೆಯೇ ಪ್ರಕರಣ ನಿಲ್ಲುತ್ತದೆ: ನೇಮಕಪತ್ರ, ಕಮಿಷನ್ ಲೆಕ್ಕ, ಪೆಟ್ಟಿಗೆಯ ಮೇಲಿನ ಹೆಸರನ್ನು ನಮೂದಿಸಿದ ಇನ್‌ವಾಯ್ಸ್, "ನಿಮ್ಮ ಬ್ರ್ಯಾಂಡ್ ಚೆನ್ನಾಗಿ ಹೋಗುತ್ತಿದೆ, ಇನ್ನೊಂದು ಕಂಟೇನರ್ ಕಳಿಸಿ" ಎಂಬಂಥ ವಾಟ್ಸ್‌ಆ್ಯಪ್ ಸಂದೇಶವಿದ್ದರೆ ಅದೂ.

ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ನೋಂದಣಿ ಕೋರಲು ಅವಕಾಶ ಕೊಡುವ ಮ್ಯಾಡ್ರಿಡ್ ಪ್ರೋಟೊಕಾಲ್ ಒಪ್ಪಂದದ ಮೂಲಕ ಅರ್ಜಿ ಹಾಕಿದರಾಯಿತು ಎಂದು ಕೆಲವರು ಸಲಹೆ ಕೊಡುತ್ತಾರೆ. ಭಾರತ 2013ರಲ್ಲಿಯೂ ಯುಎಇ 2021ರಲ್ಲಿಯೂ ಅದಕ್ಕೆ ಸೇರಿವೆ. ಆದರೆ ಪ್ರತಿ ದೇಶವೂ ತನ್ನ ಕಾನೂನಿನಂತೆಯೇ ಅರ್ಜಿಯನ್ನು ಪರಿಶೀಲಿಸುವುದರಿಂದ, ಏಜೆಂಟರ ನೋಂದಣಿ ಇರುವವರೆಗೆ ಯುಎಇಯಲ್ಲಿ ನಿಮ್ಮ ಅರ್ಜಿ ತಿರಸ್ಕೃತವಾಗುವ ಸಂಭವವೇ ಹೆಚ್ಚು. ಒಮಾನ್, ಬಹರೇನ್‌ನಂಥ ಇತರ ಮಾರುಕಟ್ಟೆಗಳಿಗೆ ಮಾತ್ರ ಆ ಮಾರ್ಗವನ್ನು ಈಗಲೇ ಬಳಸಿಕೊಳ್ಳಿ.

ಏಜೆಂಟರು ರಾಜಿಗೆ ಬಂದರೆ ಬರಿಯ ಬಳಕೆಯ ಪರವಾನಗಿಗೆ ಒಪ್ಪಬೇಡಿ, ಏಕೆಂದರೆ ಅದರಿಂದ ಅವರ ಒಡೆತನವನ್ನು ನೀವೇ ಒಪ್ಪಿಕೊಂಡಂತಾಗುತ್ತದೆ. ಪೂರ್ಣ ವರ್ಗಾವಣೆ ಬರೆಸಿಕೊಂಡು, ಅದು ಯುಎಇಯ ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ದಾಖಲಾದ ಮೇಲೆಯೇ ಹಣ ಕೊಡಿ.