ಕ್ಲಿಪ್ ಬಿಗಿದರೂ ನಿಲ್ಲದ ಪೆಟ್ರೋಲ್ ಸೋರಿಕೆ

ಪ್ರಶ್ನೆ: ನನ್ನದು 25 ವರ್ಷ ಹಳೆಯ, ಕಾರ್ಬುರೇಟರ್ ಇರುವ ಕಾರು. ಬೆಳಿಗ್ಗೆ ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ, ಪಂಪಿನ ಹತ್ತಿರದ ಹೋಸ್ ಒದ್ದೆ. ಕ್ಲಿಪ್ ಬಿಗಿ ಮಾಡಿದೆ. ಎರಡು ದಿನ ನಿಂತು ಮತ್ತೆ ಶುರುವಾಯಿತು. ಮನೆಯಲ್ಲೇ ಸರಿಮಾಡಬಹುದೇ?

ಉತ್ತರ: ಹೋಸ್ ಬದಲಿಸುವಷ್ಟೇ ಕೆಲಸವಾದರೆ ಮಾಡಬಹುದು. ಕ್ಲಿಪ್ ಬಿಗಿದ ಮೇಲೆ ಎರಡೇ ದಿನ ನಿಂತಿತು ಎಂದಿರಲ್ಲ, ರಬ್ಬರ್ ಸತ್ತಿದೆ ಎನ್ನಲು ಅದೇ ಗುರುತು. ಎಂಜಿನ್ನಿನ ಬಿಸಿಗೆ ರಬ್ಬರ್ ವರ್ಷಗಟ್ಟಲೆ ಬೆಂದು ಗಡುಸಾಗುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ಬಗೆಯ ರಬ್ಬರನ್ನು ಇನ್ನೂ ಬೇಗ ಕೆಡಿಸುತ್ತದೆ. ಅಂಥ ರಬ್ಬರಿನ ಮೇಲೆ ಕ್ಲಿಪ್ ಬಿಗಿದಷ್ಟೂ ಒಳಗೆ ಕೊರೆದು ಸೀಳು ದೊಡ್ಡದಾಗುತ್ತದೆ.

ಆದರೂ ಒದ್ದೆಯಾದ ಜಾಗವೇ ಸೋರುವ ಜಾಗ ಎಂದುಕೊಳ್ಳಬೇಡಿ. ಪೆಟ್ರೋಲ್ ಹೋಸಿನ ಹೊರಮೈ ಹಿಡಿದು ಇಳಿದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಎಂಜಿನ್ ಪೂರ್ತಿ ತಣಿದ ಮೇಲೆ ಎಲ್ಲ ಜೋಡಣೆಗಳನ್ನು ಒರೆಸಿ, ಒಂದೊಂದಕ್ಕೂ ಬಿಳಿ ಟಿಶ್ಯೂ ಸುತ್ತಿ ರಾತ್ರಿ ಬಿಡಿ. ಬೆಳಿಗ್ಗೆ ಒದ್ದೆಯಾದವುಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಮೊದಲು ನೋಡಿ. ಮತ್ತೆ ಎಂಜಿನ್ ಚಾಲೂ ಮಾಡುವ ಮುಂಚೆ ಕಾಗದ ತೆಗೆಯಲು ಮರೆಯಬೇಡಿ.

ಪಂಪನ್ನೂ ನೋಡಿಬಿಡಿ. ಯಾಂತ್ರಿಕ ಪಂಪಿನ ಮೈಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಪೆಟ್ರೋಲ್ ಒಸರಿದರೆ ಒಳಗಿನ ಡಯಾಫ್ರಂ (ಪೆಟ್ರೋಲ್ ತಳ್ಳುವ ತೆಳು ಪೊರೆ) ಹರಿದಿದೆ, ಹೋಸ್ ಬದಲಿಸಿ ಪ್ರಯೋಜನವಿಲ್ಲ. ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ಮೂಸಿ: ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಚಾಲೂ ಮಾಡಲೇಬೇಡಿ. ಪಂಪ್, ಆಯಿಲ್, ಆಯಿಲ್ ಫಿಲ್ಟರ್ ಮೂರೂ ಬದಲಾಗಬೇಕು.

ಹೋಸಿನದೇ ತೊಂದರೆ ಎಂದಾದರೆ ಕಾರನ್ನು ಬಯಲಿಗೆ ತಳ್ಳಿಕೊಳ್ಳಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕಂಟಿ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ, ಪೌಡರ್ ಅಗ್ನಿಶಾಮಕ ಕೈಗೆಟಕುವಂತಿರಲಿ, ಬೆಳಕಿಗೆ ಎಲ್‌ಇಡಿ ಟಾರ್ಚ್ ಸಾಕು. ಬಿದ್ದು ಒಡೆದ ಬಲ್ಬಿನ ಬಿಸಿ ತಂತಿಯಿಂದಲೇ ಬೆಂಕಿ ಹತ್ತಬಹುದು.

ಟ್ಯಾಂಕ್ ಮುಚ್ಚಳ ಒಮ್ಮೆ ತೆಗೆದು ಒತ್ತಡ ಬಿಟ್ಟುಬಿಡಿ. ಟ್ಯಾಂಕ್ ಎತ್ತರದಲ್ಲಿದ್ದರೆ ಹೋಸ್ ಕಳಚಿದೊಡನೆ ಪೆಟ್ರೋಲ್ ತಾನಾಗಿ ಹರಿಯುತ್ತದೆ. ಹೋಸಿನ ಒಳವ್ಯಾಸಕ್ಕೆ ಹೊಂದುವ ನುಣುಪು ಬೋಲ್ಟೊಂದನ್ನು ಮೊದಲೇ ಒರೆಸಿಟ್ಟುಕೊಂಡು ಟ್ಯಾಂಕಿನಿಂದ ಬರುವ ಹೋಸಿನ ಬಾಯಿಗೆ ತುರುಕಿ, ಮೇಲೆ ಕ್ಲಿಪ್ ಹಾಕಿ. ಹಳೆಯ ಹೋಸ್ ಕಚ್ಚಿಕೊಂಡಿದ್ದರೆ ತಿರುಚಿ ಎಳೆಯಬೇಡಿ. ಕಾರ್ಬುರೇಟರಿನಲ್ಲಿ ಒತ್ತಿ ಕೂರಿಸಿದ, ಹೋಸ್ ಸಿಕ್ಕಿಸುವ ಹಿತ್ತಾಳೆ ನಳಿಕೆ ಸಡಿಲಾದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸಿ. ನಳಿಕೆಗೆ ಗೀರು ಬೀಳದಿರಲಿ, ಗೀರು ಬಿದ್ದಲ್ಲೇ ಮುಂದೆ ಸೋರುತ್ತದೆ.

ಹೊಸ ಹೋಸ್ ಕೊಳ್ಳುವಾಗ ಅಳತೆ ತೆಗೆಯಬೇಕಾದದ್ದು ನಳಿಕೆಯ ಹೊರವ್ಯಾಸ, ಏಕೆಂದರೆ ಹಳೆಯ ಹೋಸ್ ಉಬ್ಬಿರುತ್ತದೆ. ಹೊಸ ಹೋಸಿನ ಮೈಮೇಲಿನ ಅಚ್ಚು ಓದಿ: ಕಾರ್ಬುರೇಟರಿನ ಕಡಿಮೆ ಒತ್ತಡಕ್ಕೆ ಎಸ್‌ಎಇ ಜೆ30 ಆರ್7 (SAE J30 R7, ಪೆಟ್ರೋಲ್ ಹೋಸಿನ ಒಂದು ದರ್ಜೆ) ನಡೆಯುತ್ತದೆ. ಆರ್9 ಸಿಕ್ಕರೆ ಅದೇ ಹಾಕಿ, ಎಥೆನಾಲ್ ಅದಕ್ಕೆ ಹೆಚ್ಚು ತಟ್ಟದು. ನೀರಿನ ಪೈಪು ಬೇಡವೇ ಬೇಡ.

ಚೂಪಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಒಳಗಿನ ಪುಡಿ ಊದಿ ತೆಗೆಯಿರಿ. ಆ ಪುಡಿ ಕಾರ್ಬುರೇಟರಿನ ಫ್ಲೋಟ್ ಸೂಜಿಯ (ಒಳಬರುವ ಪೆಟ್ರೋಲ್ ತಡೆಯುವ ಸೂಜಿ) ಕೆಳಗೆ ಸಿಕ್ಕಿಕೊಂಡರೆ ಪೆಟ್ರೋಲ್ ಉಕ್ಕಿ ಹೊಸ ಸೋರಿಕೆ ಶುರುವಾಗುತ್ತದೆ. ನಳಿಕೆಗೆ ಒಂದು ಹನಿ ಹೊಸ ಎಂಜಿನ್ ಆಯಿಲ್ ಸವರಿ ಹೋಸನ್ನು 20ರಿಂದ 25 ಮಿ.ಮೀ. ತಳ್ಳಿ. ನಳಿಕೆಯ ತುದಿಯಲ್ಲಿರುವ ಉಬ್ಬು ದಾಟಿದ ಮೇಲೆ, ಉಬ್ಬಿಗೂ ಹೋಸಿನ ಬಾಯಿಗೂ ನಡುವೆ ಕ್ಲಿಪ್ ಕೂರಬೇಕು. ಹೋಸಿನ ಬಾಯಿಂದ 3 ಮಿ.ಮೀ. ಒಳಗಿರಲಿ. ಉಬ್ಬಿನ ಮೇಲೇ ಕ್ಲಿಪ್ ಕೂತರೆ ಜಾರುತ್ತದೆ, ಎಷ್ಟು ಬಿಗಿದರೂ ಅಷ್ಟೇ. ಪಟ್ಟಿಯಲ್ಲಿ ತೂತುಗಳಿರುವ ಕ್ಲಿಪ್ ರಬ್ಬರನ್ನು ಕತ್ತರಿಸುತ್ತದೆ. ಒಳಮೈ ನುಣುಪಾಗಿ, ಅಂಚು ಮಡಚಿದ್ದು ಒಳ್ಳೆಯದು. ಸಿಲಿಕೋನ್ ಅಂಟು, ಟೆಫ್ಲಾನ್ ಟೇಪ್ ಎರಡೂ ಇಲ್ಲಿ ಕೆಲಸಕ್ಕೆ ಬಾರವು. ಒಂದು ಹೋಸ್ ಸತ್ತಿದ್ದರೆ ಅದೇ ವಯಸ್ಸಿನ ಉಳಿದವೂ ಸಾಲಿನಲ್ಲಿವೆ, ಟ್ಯಾಂಕಿನ ಬಳಿಯ ತುಂಡನ್ನೂ ಸೇರಿಸಿ ಎಲ್ಲ ಬದಲಿಸಿ.

ಚೆಲ್ಲಿದ್ದು ಒಣಗಿ ವಾಸನೆ ಹೋದ ಮೇಲಷ್ಟೇ ಬ್ಯಾಟರಿ ಜೋಡಿಸಿ. 10 ನಿಮಿಷ ಐಡಲ್‌ನಲ್ಲಿ ಓಡಿಸಿ, ನಿಲ್ಲಿಸಿ ನೋಡಿ. ರಾತ್ರಿ ಮತ್ತೊಮ್ಮೆ ಟಿಶ್ಯೂ ಸುತ್ತಿ.

ಪ್ರಶ್ನೆ: ಇಂಜೆಕ್ಷನ್ ಕಾರಿಗೂ ಇದೇ ಕ್ರಮವೇ?

ಉತ್ತರ: ಅಲ್ಲ. ಅಲ್ಲಿ ಒತ್ತಡ ಸಾಮಾನ್ಯವಾಗಿ 3 ಬಾರ್ ಆಸುಪಾಸು, ಎಂಜಿನ್ ನಿಂತ ಮೇಲೂ ಉಳಿದಿರುತ್ತದೆ. ಎಲ್ಲಿಯೂ ತೊಟ್ಟಿಕ್ಕದೆ ಬರೀ ಒಸರುತ್ತಿದ್ದರೆ ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬ್ಯಾಟರಿ ಬಿಚ್ಚಿ, ಜೋಡಣೆಗೆ ಬಟ್ಟೆ ಸುತ್ತಿ ನಿಧಾನ ಸಡಿಲಿಸಿ. ತೊಟ್ಟಿಕ್ಕುವಷ್ಟು ಅಥವಾ ಚಿಮ್ಮುವಷ್ಟು ಸೋರಿಕೆ ಇದ್ದರೆ ಚಾಲೂ ಮಾಡದೆ ಎಳೆಸಿಕೊಂಡು ಹೋಗಿ. ಹೋಸ್ ಆರ್9 ಆಗಿರಲೇಬೇಕು. ಕ್ವಿಕ್ ಕನೆಕ್ಟರ್ (ಒತ್ತಿದರೆ ಕೂರುವ ಜೋಡಣೆ) ಇರುವ ಪ್ಲಾಸ್ಟಿಕ್ ಪೈಪ್ ಒಡೆದಿದ್ದರೆ ನಡುವೆ ಹೋಸ್ ತುಂಡು ಸೇರಿಸದೆ ಇಡೀ ಪೈಪ್ ಬದಲಿಸಿ.

ಪ್ರಶ್ನೆ: ಟ್ಯಾಂಕ್ ತುಂಬಿಸಿದಾಗ ಮಾತ್ರ ವಾಸನೆ.

ಉತ್ತರ: ಪೆಟ್ರೋಲ್ ತುಂಬುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ಹೋಸ್, ಟ್ಯಾಂಕ್ ಮೇಲಿನ ಗೇಜ್ ಯೂನಿಟ್ಟಿನ (ಪೆಟ್ರೋಲ್ ಮಟ್ಟ ಅಳೆಯುವ ಭಾಗ) ಸೀಲ್, ಇವೆರಡನ್ನು ನೋಡಿ. ಟ್ಯಾಂಕ್ ತುಕ್ಕು ಹಿಡಿದು ತೂತಾಗಿದ್ದರೆ ಮನೆಯಲ್ಲಿ ವೆಲ್ಡಿಂಗ್‌ಗೆ ಕೈಹಾಕಬೇಡಿ. ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ, ತುಂಬಿದ ಟ್ಯಾಂಕಿಗಿಂತ ಅದೇ ಸುಲಭವಾಗಿ ಸಿಡಿಯುತ್ತದೆ.