ಓದುಗರ ಪ್ರಶ್ನೆ: ಚಿಕ್ಕ ಟ್ಯಾಂಕು, ದೂರದ ದಾರಿ

ಪ್ರಶ್ನೆ: ನನ್ನ ಅಡ್ವೆಂಚರ್ ಬೈಕಿನ ಟ್ಯಾಂಕು 11 ಲೀಟರ್, ಮೈಲೇಜು 35. ಹೋಗಬೇಕಾದ ದಾರಿಯಲ್ಲಿ 420 ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ. ಎರಡು ಲೀಟರ್ ಹೆಚ್ಚಿಗೆ ಒಯ್ದರೆ ಸಾಕೇ?

ಉತ್ತರ: ಸಾಲದು. 35 ಎಂಬುದು ಲಗೇಜಿಲ್ಲದೆ ಟಾರು ರಸ್ತೆಯಲ್ಲಿ ಸಿಕ್ಕ ಲೆಕ್ಕವಿರಬೇಕು. ಸಾಮಾನೆಲ್ಲ ಹೇರಿ, ಟ್ಯಾಂಕು ತುಂಬಿಸಿ, ಅಂಥದ್ದೇ ದಾರಿಯಲ್ಲಿ 100 ಕಿ.ಮೀ. ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ ಅಳೆಯಿರಿ. 26 ಬಂತೆನ್ನಿ: 420 ಕಿ.ಮೀ.ಗೆ 16.2 ಲೀಟರ್. ದಾರಿ ತಪ್ಪಿದರೆ ಇರಲಿ ಎಂದು ಶೇ. 10 ಸೇರಿಸಿದರೆ 17.8. ಟ್ಯಾಂಕಿನ ತಳದಲ್ಲಿ ಪಂಪಿಗೆ ಸಿಗದೆ ಉಳಿಯುವ ಪೆಟ್ರೋಲನ್ನು ಅರ್ಧ ಲೀಟರ್ ಎಂದು ಹಿಡಿಯಿರಿ. ಕೈಗೆ ಸಿಗುವುದು 10.5, ಅಂದರೆ ಇನ್ನೂ 7.3 ಲೀಟರ್ ಬೇಕು.

ಇದಕ್ಕೆ ಪೆಟ್ರೋಲಿಗೆಂದೇ ಮಾಡಿದ 5 ಲೀಟರಿನ ಎರಡು ಕ್ಯಾನು ತೆಗೆದುಕೊಂಡು, ಒಂದೊಂದರಲ್ಲಿ 3.75 ಲೀಟರ್ ಹಾಕಿ. ಎರಡರ ಪೆಟ್ರೋಲಿನ ತೂಕವೇ ಐದೂವರೆ ಕಿಲೋ. ಅದನ್ನು ಹಿಂದಿನ ಕ್ಯಾರಿಯರಿನ ತುದಿಗೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ, ಜಲ್ಲಿಯಲ್ಲಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಎಡಕ್ಕೊಂದು ಬಲಕ್ಕೊಂದು, ಆದಷ್ಟು ಕೆಳಗೆ, ಹಿಂಬದಿ ಸವಾರನ ಫುಟ್‌ರೆಸ್ಟಿನ ಹತ್ತಿರ ಬರಲಿ. ಸೈಲೆನ್ಸರಿನ ಬಿಸಿ ತಾಗಬಾರದು. ಮುಚ್ಚಿದ ಪೆಟ್ಟಿಗೆಯೊಳಗೆ ಮಾತ್ರ ಖಂಡಿತ ಬೇಡ, ಆವಿ ಅಲ್ಲೇ ತುಂಬಿಕೊಳ್ಳುತ್ತದೆ.

ಕ್ಯಾನನ್ನು ಬೈಕಿನ ಮೇಲಿಟ್ಟು ತುಂಬಿಸಬೇಡಿ. ನೆಲಕ್ಕಿಳಿಸಿ, ನಳಿಕೆ ಕ್ಯಾನಿನ ಬಾಯಿಗೆ ತಾಗಿರುವಂತೆ ಹಿಡಿದು ನಿಧಾನವಾಗಿ ತುಂಬಿಸಿ. ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು ಬೆಂಕಿಗೆ. ಪ್ರಯಾಣದಲ್ಲಿ ಟ್ಯಾಂಕಿನಲ್ಲಿ ಜಾಗವಾದ ಕೂಡಲೇ, ಎಂಜಿನ್ ತಣಿಸಿ, ಕ್ಯಾನು ಖಾಲಿ ಮಾಡಿ. ರಿಸರ್ವ್ ಬರುವತನಕ ಕಾಯಬೇಡಿ. ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ. ಬಿಸಿಲಿಗೂ ಎತ್ತರದ ಪ್ರದೇಶಕ್ಕೂ ಒಳಗೆ ಒತ್ತಡ ಏರಿರುತ್ತದೆ.

ಪ್ರಶ್ನೆ: ಹಿಂದೆ ಒಂದು ಚಿಕ್ಕ ಟ್ಯಾಂಕು ಕೂರಿಸಿ, ಇಂಜೆಕ್ಟರಿಗೆ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಹೋಗುವ ಪೈಪಿಗೆ ಟೀ ಜಾಯಿಂಟ್ (T ಆಕಾರದ, ಮೂರು ಬಾಯಿಯ ಜೋಡಣೆ) ಹಾಕಿಸಬಹುದೇ?

ಉತ್ತರ: ಬೇಡ. ಫ್ಯೂಯಲ್ ಇಂಜೆಕ್ಷನ್ ಬೈಕಿನ ಆ ಪೈಪಿನಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸು, ಅಂದರೆ ವಾತಾವರಣದ ಒತ್ತಡದ ಸುಮಾರು ಮೂರು ಪಟ್ಟು ಒತ್ತಡ. ಜೋಡಿಸಿದರೆ ಪಂಪು ಪೆಟ್ರೋಲನ್ನು ನಿಮ್ಮ ಹೊಸ ಟ್ಯಾಂಕಿಗೇ ತಳ್ಳುತ್ತದೆ, ಇಂಜೆಕ್ಟರಿಗೆ ಬೇಕಾದ ಒತ್ತಡ ಉಳಿಯುವುದಿಲ್ಲ. ಹೆಚ್ಚುವರಿ ಪೆಟ್ರೋಲು ಮೂಲ ಟ್ಯಾಂಕಿಗೇ ಇಳಿಯಬೇಕು. ಹೊಸ ಟ್ಯಾಂಕಿನ ತಳ ಎತ್ತರದಲ್ಲಿದ್ದರೆ ತಾನಾಗಿ ಹರಿಯುತ್ತದೆ, ಇಲ್ಲವಾದರೆ ಸ್ವಿಚ್ಚಿರುವ ಚಿಕ್ಕ ಪಂಪು ಬೇಕು. ನಡುವೆ ಒಂದು ನಲ್ಲಿಯಿರಲಿ. ಟ್ಯಾಂಕಿನಲ್ಲಿ ಜಾಗವಾಗುವ ಮೊದಲೇ ಅದನ್ನು ತೆರೆದು ಮರೆತರೆ ಪೆಟ್ರೋಲು ಉಕ್ಕಿ ಬಿಸಿ ಎಂಜಿನ್ ಮೇಲೆ ಬೀಳಬಹುದು.

ಹೊಸ ಟ್ಯಾಂಕಿಗೆ ಗಾಳಿ ಒಳಬರುವ ದಾರಿ ಇಲ್ಲದಿದ್ದರೆ ನಿರ್ವಾತವಾಗಿ ಹರಿವು ನಿಲ್ಲುತ್ತದೆ. ಬೈಕು ಬಿದ್ದಾಗ ಮುಚ್ಚಿಕೊಳ್ಳುವ ವಾಲ್ವನ್ನು ಆ ದಾರಿಗೆ ಹಾಕಿಸಿ. ಪೈಪು ಪೆಟ್ರೋಲಿನದ್ದೇ ಆಗಿರಲಿ. ನೀರಿನ ಪ್ಲಾಸ್ಟಿಕ್ ಪೈಪು ಗಡಸಾಗಿ ಸೀಳುತ್ತದೆ.

ಪ್ರಶ್ನೆ: ಏನೂ ಹೊರದೆ ದೂರ ಹೆಚ್ಚಿಸಲಾಗದೇ?

ಉತ್ತರ: ವೇಗ ಇಳಿಸಿ. 90ರಿಂದ 75ಕ್ಕೆ ಬಂದರೆ ಗಾಳಿಯ ತಡೆ ಸುಮಾರು ಶೇ. 30 ಕಡಿಮೆ. ಅಗಲದ ಪೆಟ್ಟಿಗೆ ಬದಲು ಮೈಗಂಟಿದ ಚೀಲ ಕಟ್ಟಿ. ಮಣ್ಣಿಗೆಂದು ಇಳಿಸಿದ ಟೈರ್ ಗಾಳಿಯನ್ನು ಟಾರಿಗೆ ಬಂದಾಗ ಮತ್ತೆ ತುಂಬಿಸಿ.