ಬೈಪಾಡ್ ಬದಲಿಸುವ ಮುಂಚೆ ಸ್ಟಾಕ್ ನೋಡಿ

ಪ್ರಶ್ನೆ: ಟೆಕ್ಸಸ್‌ನಲ್ಲಿದ್ದೇನೆ. .308 ಗುಂಡಿನ ಬೋಲ್ಟ್ ಆ್ಯಕ್ಷನ್ (ಪ್ರತಿ ಸಲ ಕೈಯಲ್ಲೇ ಬೋಲ್ಟ್ ಎಳೆಯುವ) ರೈಫಲ್ ಇದೆ, ಸ್ಟಾಕ್ (ಬ್ಯಾರೆಲ್ ಕೂರುವ, ಕೈಯಲ್ಲಿ ಹಿಡಿಯುವ ಭಾಗ) ಪ್ಲಾಸ್ಟಿಕ್‌ನದು. ಮರಳಿನ ಚೀಲದ ಮೇಲಿಟ್ಟು ಹೊಡೆದರೆ ಗುಂಡುಗಳು ಒಟ್ಟಿಗೆ ಬೀಳುತ್ತವೆ. 9ರಿಂದ 13 ಇಂಚು ಎತ್ತರದ ಬೈಪಾಡ್ (ಮುಂಭಾಗಕ್ಕೆ ಹಾಕುವ ಎರಡು ಕಾಲಿನ ಆಸರೆ) ಹಾಕಿ, ಮಲಗಿ ಹೊಡೆದರೆ ಚದುರುತ್ತವೆ. ಅಟ್ಲಾಸ್ ಕಂಪನಿಯ ಬೈಪಾಡ್ ತಗೋ ಅಂತಾರೆ ಗೆಳೆಯರು. ತಗೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ಇಂಥ ಪತ್ರ ಬರದ ವಾರವಿಲ್ಲ. ಎಲ್ಲರಿಗೂ ಕಂಪನಿಯ ಹೆಸರು ಬೇಕು. ಸ್ಟಾಕ್ ಹೇಗಿದೆ ಅಂತ ನೋಡಿದವರು ಮಾತ್ರ ಕಡಿಮೆ.

ಕಡಿಮೆ ಬೆಲೆಯ ಪ್ಲಾಸ್ಟಿಕ್ ಸ್ಟಾಕ್‌ಗಳ ಮುಂಭಾಗ ಬಾಗುತ್ತದೆ. ಬೈಪಾಡ್ ಕೂರುವುದು ಅದರ ತುದಿಯಲ್ಲೇ. ನೀವು ಭುಜದಿಂದ ಮುಂದಕ್ಕೆ ಒತ್ತಿದಾಗ ಸ್ಟಾಕ್ ಬಾಗಿ ಬ್ಯಾರೆಲ್‌ಗೆ ತಾಗುತ್ತದೆ. ಒಂದೊಂದು ಸಲ ಒಂದೊಂದು ಥರ ಒತ್ತುತ್ತೀರಿ, ಗುಂಡೂ ಒಂದೊಂದು ಕಡೆ ಹೋಗುತ್ತದೆ. ಮರಳಿನ ಚೀಲ ಆ್ಯಕ್ಷನ್‌ಗೆ (ಬೋಲ್ಟ್ ಇರುವ ನಡುಭಾಗಕ್ಕೆ) ಹತ್ತಿರ ಇರುತ್ತದೆ, ಅಲ್ಲಿ ಸ್ಟಾಕ್ ಗಟ್ಟಿ. ಅದಕ್ಕೇ ಅಲ್ಲಿ ಸಮಸ್ಯೆ ಕಾಣಲಿಲ್ಲ.

ಪರೀಕ್ಷೆ ಸುಲಭ. ಬೋಲ್ಟ್ ತೆಗೆದು ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯಾ ನೋಡಿ. ಬೈಪಾಡ್ ಮೇಲಿಟ್ಟು, ಹೊಡೆಯುವಾಗ ಒತ್ತುವಷ್ಟೇ ಒತ್ತಿ. ಗೆಳೆಯರು ಒಂದು ಕಾಗದದ ಪಟ್ಟಿಯನ್ನು ಬ್ಯಾರೆಲ್ ಮತ್ತು ಸ್ಟಾಕ್ ನಡುವೆ ಎಳೆಯಲಿ. ಸಿಕ್ಕಿಹಾಕಿಕೊಂಡರೆ ತಪ್ಪು ಬೈಪಾಡ್‌ದಲ್ಲ. ಸ್ಟಾಕ್ ಬದಲಿಸಿ, ಇಲ್ಲವೇ ತಿಳಿದವರಿಂದ ಮುಂಭಾಗ ಗಟ್ಟಿ ಮಾಡಿಸಿ.

ಕಾಗದ ಸಲೀಸಾಗಿ ಹರಿದಾಡಿತು ಅಂದುಕೊಳ್ಳಿ. ಆಗ ಎತ್ತರ ನೋಡಿ. ಮಲಗಿ ಹೊಡೆಯುವವರಿಗೆ 9–13 ಇಂಚು ಜಾಸ್ತಿಯೇ. 6–9 ಇಂಚು ಸಾಕು. ಎದೆ ನೆಲಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಕಾಲು ಉದ್ದವಾದಷ್ಟೂ ಅಲುಗಾಟ. ಹಿಂದೆ, ಸ್ಟಾಕ್ ಕೆಳಗೆ ಒಂದು ಚಿಕ್ಕ ಚೀಲವೂ ಇರಲಿ. ಬೈಪಾಡ್ ಭಾರ ಹೊರುತ್ತದೆ ಅಷ್ಟೇ, ಗುರಿಯನ್ನು ಮೇಲೆ ಕೆಳಗೆ ಕೂರಿಸುವುದು ಆ ಹಿಂದಿನ ಚೀಲ. ಸಿಮೆಂಟ್ ನೆಲವಾದರೆ ಕಾಲಿನ ಕೆಳಗೆ ಒಂದು ತುಂಡು ಕಾರ್ಪೆಟ್ ಹಾಕಿ. ಇಲ್ಲದಿದ್ದರೆ ರೈಫಲ್ ಕುಣಿಯುತ್ತದೆ.

ದುಡ್ಡು ಕೊಡಲೇಬೇಕಾದ ಸೌಲಭ್ಯ ಒಂದಿದೆ: ರೈಫಲ್ ಎಡಕ್ಕೆ ಬಲಕ್ಕೆ ವಾಲುವಂತಿರಬೇಕು, ಸರಿಹೋದ ಮೇಲೆ ಬಿಗಿಯಾಗಿ ನಿಲ್ಲಬೇಕು. ನೆಲ ಎಲ್ಲಿ ಸಮ ಇರುತ್ತೆ ಹೇಳಿ? 100 ಗಜಕ್ಕೆ ಜೀರೋ ಮಾಡಿದ (ಗುರಿ ಹೊಂದಿಸಿದ) .308ಕ್ಕೆ 600 ಗಜದಲ್ಲಿ ಸುಮಾರು ಎರಡೂವರೆ ಮೀಟರ್ ಎತ್ತರ ತಿದ್ದಬೇಕು. ಆಗ ರೈಫಲ್ 5 ಡಿಗ್ರಿ ವಾಲಿದ್ದರೆ ಗುಂಡು 20 ಸೆಂ.ಮೀ.ನಷ್ಟು ಪಕ್ಕಕ್ಕೆ ಹೋಗುತ್ತದೆ. ಜನ ಗಾಳಿಯನ್ನು ಬೈಯುತ್ತಾ ಕೂರುತ್ತಾರೆ. ಹ್ಯಾರಿಸ್ ಕಂಪನಿಯ ಬೈಪಾಡ್ ಕೊಳ್ಳುವುದಾದರೆ ವಾಲುವ ಮಾದರಿಯನ್ನೇ ಕೇಳಿ, ವಾಲದ ಮಾದರಿಯೂ ಇದೆ. ಬೆಲೆ ನೋಡಿ ಅದನ್ನೇ ತರುವವರು ಬೇಕಾದಷ್ಟು ಜನ. ಅಟ್ಲಾಸ್ ಒಳ್ಳೆಯದೇ, ಆದರೆ ಹ್ಯಾರಿಸ್ ಕೊಂಡು ಉಳಿದ ದುಡ್ಡಿಗೆ ನಾನಾದರೆ ಗುಂಡು ಕೊಳ್ಳುತ್ತೇನೆ.

ಪ್ರಶ್ನೆ: ಬೈಪಾಡ್ ಹಾಕಿದರೆ ಭುಜಕ್ಕೆ ಬೀಳುವ ಒದೆತ ಕಡಿಮೆಯಾಗುತ್ತದೆ ಅಂತ ಅಂಗಡಿಯವರು ಹೇಳಿದರು.

ಉತ್ತರ: ರೈಫಲ್‌ಗೆ ಸೇರುವ 400 ಗ್ರಾಂ ತೂಕದಿಂದ ಎಷ್ಟು ಕಡಿಮೆಯಾಗುತ್ತದೋ ಅಷ್ಟೇ. ಅಂಗಡಿ ಬದಲಿಸಿ.

ಪ್ರಶ್ನೆ: ಸ್ಟಾಕ್‌ಗೆ ತೂತು ಮಾಡಲು ಮನಸ್ಸಿಲ್ಲ. ಬ್ಯಾರೆಲ್‌ಗೇ ಕಚ್ಚಿಸುವ ಅಗ್ಗದ ಬೈಪಾಡ್ ಇದೆಯಲ್ಲ?

ಉತ್ತರ: ಇದೆ. ಬ್ಯಾರೆಲ್‌ಗೆ ಏನೂ ತಾಗಬಾರದು ಅಂತ ಸ್ಟಾಕ್ ಕೆತ್ತಿಸುತ್ತೇವೆ, ನೀವು ಅದಕ್ಕೇ ನೇತುಹಾಕುತ್ತೀರಾ? ಸ್ಲಿಂಗ್ (ರೈಫಲ್‌ನ ಪಟ್ಟಿ) ಕಟ್ಟುವ ಸ್ಟಡ್‌ ಅಂದರೆ ಗುಬುಟು ನೋಡಿ, ಬೈಪಾಡ್ ಅದಕ್ಕೇ ಹಾಕಬಹುದು, ನಿಮ್ಮ ಸ್ಟಾಕ್‌ನಲ್ಲಿ ಆಗಲೇ ಇರಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಮಗಳು .22ರಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ಅಭ್ಯಾಸ ಮಾಡುತ್ತಿದ್ದಾಳೆ. ಅವಳಿಗೆ ಯಾವ ಬೈಪಾಡ್ ಸರಿ?

ಉತ್ತರ: ಯಾವುದೂ ಅಲ್ಲ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಸ್ಪರ್ಧೆಯಲ್ಲಿ ಬೈಪಾಡ್‌ಗೆ ಜಾಗವಿಲ್ಲ, ಸ್ಲಿಂಗ್ ಅಷ್ಟೇ. ಒಂದು ಒಳ್ಳೆಯ ಸ್ಲಿಂಗ್ ಕೊಡಿಸಿ.

ಪ್ರಶ್ನೆ: ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದ (ನಮ್ಮ ಆಯುಧ ಪೂಜೆ) ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನಿಂತೇ ಹೊಡೆಯುತ್ತೇನೆ. ಬೈಪಾಡ್ ಬೇಕೇ? ತೋಟದಲ್ಲಿ ಹಂದಿಗೂ ಆಗುತ್ತೆ ಅಂತ ಯೋಚನೆ.

ಉತ್ತರ: ನಿಂತು ಹೊಡೆಯುವವರಿಗೆ ಅದು ಸುಮ್ನೆ ಭಾರ. ಇನ್ನು ಹಂದಿ ವಿಷಯ: ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇರುವುದು ಕೋವಿಗೆ, ಬೇಟೆಗಲ್ಲ. 1972ರ ವನ್ಯಜೀವಿ ಕಾಯ್ದೆ ಕೊಡಗಿಗೂ ಅನ್ವಯಿಸುತ್ತದೆ. ಬೆಳೆ ಹಾಳಾಗಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ನನಗೆ ಪತ್ರ ಬರೆಯಬೇಡಿ.